ಸೊಂಟದ ಮೇಲಿನ ಹೊಣೆ

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. "ದೊಡ್ಡಪ್ಪಾ, ಹೋಲ್‌ಸ್ಟರ್ ಯಾವುದು ತಗೊಳ್ಳಲಿ? ನಮ್ಮ ಟ್ರೈನಿಂಗ್ ಬ್ಯಾಚಿನವರೆಲ್ಲ ಆನ್‌ಲೈನಲ್ಲಿ ತರಿಸ್ತಿದ್ದಾರೆ, ತೊಡೆಗೆ ಕಟ್ಟೋದು ಚೆನ್ನಾಗಿ ಕಾಣ್ತದೆ" ಅಂದೆ. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ (ಡಿಎಆರ್) 33 ವರ್ಷ ದುಡಿದವನು ನಾನು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆರ್ಮರಿಯ ಒಳಗೇ ಕಳೆಯಿತು. ಬೆಳಿಗ್ಗೆ ಪಿಸ್ತೂಲು ಕೊಡುವುದು, ಸಂಜೆ ವಾಪಸು ತೆಗೆದುಕೊಳ್ಳುವುದು, ರಿಜಿಸ್ಟರಿನಲ್ಲಿ ನಂಬರು ತಾಳೆ ನೋಡುವುದು ನನ್ನ ಕೆಲಸ. ಸಂಜೆ ಬರಬೇಕಾದ ಪಿಸ್ತೂಲು ಬರದೆ ಇದ್ದರೆ ಆ ರಾತ್ರಿ ಹೇಗಿರುತ್ತದೆಂದು ನನಗೆ ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪಿಸ್ತೂಲನ್ನು ನೀನು ಆರಿಸಿಕೊಳ್ಳುವುದಿಲ್ಲ. ಇಲಾಖೆ ಯಾವುದನ್ನು ಕೊಡುತ್ತದೋ ಅದನ್ನು ಸಹಿ ಹಾಕಿ ತೆಗೆದುಕೊಳ್ಳುತ್ತೀಯ. ಗುಂಡೂ ಅಷ್ಟೆ, ಎಣಿಸಿ ಕೊಡುತ್ತಾರೆ, ಎಣಿಸಿ ವಾಪಸು ಪಡೆಯುತ್ತಾರೆ. ಆದರೆ ಪಿಸ್ತೂಲನ್ನು ಇಡುವ ಚೀಲದ, ಅಂದರೆ ಹೋಲ್‌ಸ್ಟರಿನ ವಿಷಯದಲ್ಲಿ ಬಹಳ ಸಲ ಕೈಯಿಂದ ದುಡ್ಡು ಹಾಕಿ ಕೊಳ್ಳುವವಳು ನೀನೇ. ಹೊಸಬರು ಪೊಲೀಸ್ ಸಾಮಾನಿನ ಅಂಗಡಿಗೆ ಹೋಗಿ, ಬೂಟು, ಬೆಲ್ಟು, ನೇಮ್ ಪ್ಲೇಟಿನ ಜೊತೆ ಅದನ್ನೂ ಒಂದು ಎತ್ತಿಕೊಂಡು ಬಂದುಬಿಡುತ್ತಾರೆ. ಬೂಟಿನ ಅಳತೆ ನೋಡಲು ತೆಗೆದುಕೊಳ್ಳುವ ಹೊತ್ತನ್ನು ಕೂಡ ಇದಕ್ಕೆ ಕೊಡುವುದಿಲ್ಲ.

ಆಯುಧಪೂಜೆಯ ದಿನ ಆರ್ಮರಿಯಲ್ಲಿ ಬಂದೂಕು, ಪಿಸ್ತೂಲುಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ಕೆಂಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಅರಿಸಿನ ಕುಂಕುಮ ಹಚ್ಚುತ್ತಿದ್ದೆವು. ಚೆಂಡುಹೂವಿನ ಹಾರ, ಬಾಗಿಲಲ್ಲಿ ಬೂದುಗುಂಬಳ. ಹೋಲ್‌ಸ್ಟರ್‌ಗಳು ಮಾತ್ರ ಹಿಂದಿನ ಗೋಡೆಯ ಮೊಳೆಗಳಲ್ಲಿ ಹಾಗೇ ತೂಗುತ್ತಿದ್ದವು. ಕೊನೆಯ ಏಳೆಂಟು ವರ್ಷ ನಾನು ಅವನ್ನೂ ಇಳಿಸಿ ಪೂಜೆಗೆ ಇಡಿಸುತ್ತಿದ್ದೆ. ಹೊಸ ಹುಡುಗರು ಯಾಕೆಂದು ಕೇಳುತ್ತಿದ್ದರು. ಅವರಿಗೆ ಹೇಳುತ್ತಿದ್ದ ಕತೆಯನ್ನೇ ನಿನಗೂ ಹೇಳುತ್ತೇನೆ.

1994ರಲ್ಲಿ ಒಂದು ಊರಿನ ರಥೋತ್ಸವದ ಬಂದೋಬಸ್ತಿಗೆ ಹೋಗಿದ್ದೆ. ತೇರು ಮೂಲೆ ತಿರುಗುವಾಗ ಹಗ್ಗದ ಹತ್ತಿರ ನೂಕುನುಗ್ಗಲಾಗಿ ಒಬ್ಬ ಅಜ್ಜಿ ಬಿದ್ದರು. ಬಗ್ಗಿ ಅವರ ರಟ್ಟೆ ಹಿಡಿದು ಎಬ್ಬಿಸುತ್ತಿದ್ದೇನೆ, ಬಲಮೊಣಕಾಲಿಗೆ ಏನೋ ಗಟ್ಟಿಯಾದದ್ದು ಬಡಿಯುತ್ತಿದೆ. ನೋಡಿದರೆ ನನ್ನ ಪಾಯಿಂಟ್ 38 ರಿವಾಲ್ವರು ಹೋಲ್‌ಸ್ಟರಿನಿಂದ ಜಾರಿ, ಅದನ್ನು ಮೈಗೆ ಕಟ್ಟಿದ ದಾರದ, ಅಂದರೆ ಲ್ಯಾನ್ಯಾರ್ಡಿನ ತುದಿಯಲ್ಲಿ ತೂಗಾಡುತ್ತಿದೆ. ಒಳಗೆ ಆರೂ ಗುಂಡು. ಎರಡು ಮಾರು ಆಚೆ ಬತ್ತಾಸಿನ ಪೊಟ್ಟಣ ಹಿಡಿದ ಎಂಟು ಹತ್ತು ವರ್ಷದ ಹುಡುಗ ಅದನ್ನೇ ಕಣ್ಣರಳಿಸಿ ನೋಡುತ್ತಿದ್ದ. ಹೋಲ್‌ಸ್ಟರಿನ ಮುಚ್ಚಳದ ಟಿಚ್ ಬಟನ್ ಸವೆದಿತ್ತು. ಹದಿನೈದು ದಿನದಿಂದ ಕುಂತರೆ ನಿಂತರೆ ಬಿಚ್ಚಿಕೊಳ್ಳುತ್ತಿತ್ತು. ನನಗದು ಗೊತ್ತಿತ್ತು ಮಗಳೇ. ನಾಳೆ ಹಾಕಿಸಿದರಾಯಿತು ಅಂದುಕೊಂಡಿದ್ದೆ. ಹತ್ತು ರೂಪಾಯಿಯ ಕೆಲಸ. ಆ ದಿನ ಲ್ಯಾನ್ಯಾರ್ಡ್ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ರಾತ್ರಿ ಯೋಚನೆ ಮಾಡಿದೆ. ಹೋಲ್‌ಸ್ಟರಿನಿಂದ ನಾವು ಬಯಸುವುದೇನು? ಬೇರೆ ಯಾರ ಕೈಗೂ ಅದು ಪಿಸ್ತೂಲನ್ನು ಬಿಟ್ಟುಕೊಡಬಾರದು. ನನ್ನ ಕೈಗೆ ತಡಮಾಡದೆ ಕೊಡಬೇಕು. ಈ ಎರಡು ಗುಣಗಳು ಒಂದನ್ನೊಂದು ಎಳೆದಾಡುತ್ತವೆ. ಬಿಗಿ ಹೆಚ್ಚಿದರೆ ತಡ, ಸಡಿಲವಾದರೆ ಅಪಾಯ. ಸಿನಿಮಾ ನೋಡಿದವರು ಬೇಗ ತೆಗೆಯುವುದನ್ನೇ ದೊಡ್ಡದೆಂದುಕೊಳ್ಳುತ್ತಾರೆ. ನೀನು ಠಾಣೆಗೆ ಹೋದ ಮೇಲೆ ನಿನ್ನ ದಿನಗಳನ್ನು ಲೆಕ್ಕ ಹಾಕಿ ನೋಡು. ಜಾತ್ರೆ, ಮೆರವಣಿಗೆ, ಪ್ರತಿಭಟನೆ, ಗಲಾಟೆ ಬಿಡಿಸುವುದು, ಆರೋಪಿಯನ್ನು ಹಿಡಿದು ಜೀಪು ಹತ್ತಿಸುವುದು, ಮಹಜರಿಗೆ ಕರೆದೊಯ್ಯುವುದು, ಕುಡಿದವನ ಕೈಯಿಂದ ಮಚ್ಚು ಕಸಿಯುವುದು. ಇವುಗಳಲ್ಲೆಲ್ಲ ಇನ್ನೊಬ್ಬರ ಮೈ ನಿನ್ನ ಮೈಗೆ ತಾಗುತ್ತದೆ, ಇನ್ನೊಬ್ಬರ ಕೈ ನಿನ್ನ ಸೊಂಟದ ಹತ್ತಿರ ಆಡುತ್ತದೆ. ಪಿಸ್ತೂಲು ಹೊರಗೆಳೆಯುವ ಸಂದರ್ಭ ಇಡೀ ಸರ್ವೀಸಿನಲ್ಲಿ ಒಂದೆರಡು ಸಲ ಬರಬಹುದು, ಬರದೆಯೂ ಇರಬಹುದು. ಬಾರದೇ ಇರಲಿ ಎಂದು ನಾನು ಬೇಡಿಕೊಳ್ಳುತ್ತೇನೆ. ಹಾಗಾಗಿ ನನ್ನ ತೀರ್ಪು ಸ್ಪಷ್ಟ. ಬಿಗಿಯಾಗಿ ಹಿಡಿಯುವುದನ್ನು ಮೊದಲು ನೋಡು, ಬೇಗ ಬಿಡುವುದನ್ನು ಅಭ್ಯಾಸದಿಂದ ಗಳಿಸಿಕೋ.

ಈ ಹಿಡಿತಕ್ಕೆ ರಿಟೆನ್ಷನ್ ಅನ್ನುತ್ತಾರೆ. ಅದರಲ್ಲಿ ಎರಡು ಬಗೆ. ಚೀಲದ ಅಚ್ಚೇ ಪಿಸ್ತೂಲಿನ ಮೈಗೆ ಸರಿಯಾಗಿ ಕೂತು, ಟ್ರಿಗರ್ ಗಾರ್ಡಿನ ಹತ್ತಿರ ಕಚ್ಚಿಕೊಂಡು, ಬರೀ ಒತ್ತಡದಿಂದ ಹಿಡಿಯುವುದು ಒಂದು. ಪ್ಲಾಸ್ಟಿಕ್ಕಿನವುಗಳಲ್ಲಿ ಆ ಒತ್ತಡವನ್ನು ಹೆಚ್ಚು ಕಡಿಮೆ ಮಾಡಲು ಸ್ಕ್ರೂ ಇರುತ್ತದೆ. ಇನ್ನೊಂದು, ಬೆರಳಿನಿಂದ ಬಿಡಿಸಲೇಬೇಕಾದ ಬೀಗ. ಅದು ಹ್ಯಾಮರಿನ ಹಿಂದೆ ಹಾದುಹೋಗುವ ಪಟ್ಟಿಯಾಗಿರಬಹುದು, ಹಿಂಭಾಗದ ಮೇಲೆ ಕಮಾನಿನಂತೆ ಮುಚ್ಚಿ ಮುಂದಕ್ಕೆ ಹೊರಳುವ ಕೊಂಡಿಯಾಗಿರಬಹುದು, ಅಥವಾ ಹೊರಗೆ ಕಾಣದಂತೆ ಒಳಗೇ ಸ್ಲೈಡನ್ನು ಕಚ್ಚಿ ಹಿಡಿದು ಹೆಬ್ಬೆರಳಿನಿಂದ ಒತ್ತಿದಾಗ ಬಿಡುವ ಲಿವರ್ ಆಗಿರಬಹುದು.

ಇದಕ್ಕೆಲ್ಲ ಲೆಕ್ಕ ಶುರುವಾದದ್ದು ಅಮೆರಿಕದಲ್ಲಿ. ಅಲ್ಲಿ ಪೊಲೀಸರು ತಮ್ಮದೇ ಪಿಸ್ತೂಲಿಗೆ ಬಲಿಯಾಗುವುದು ದೊಡ್ಡ ಪಿಡುಗಾಗಿತ್ತು. 1970ರ ದಶಕದಲ್ಲಿ ಕಾನ್ಸಾಸ್ ಸಿಟಿ ಪೊಲೀಸ್ ಪಡೆಯ ತರಬೇತುದಾರ ಜಿಮ್ ಲಿಂಡೆಲ್ ಎಂಬುವರು ಕಸಿಯಲು ಬಂದ ಕೈಯಿಂದ ಪಿಸ್ತೂಲನ್ನು ಉಳಿಸಿಕೊಳ್ಳುವ ಪಟ್ಟುಗಳನ್ನು ಪಾಠದಂತೆ ಜೋಡಿಸಿ ಕಲಿಸಿದರು. ಅದೇ ದಶಕದಲ್ಲಿ ಎಫ್‌ಬಿಐ ಬಿಟ್ಟು ಬಂದ ಬಿಲ್ ರೋಜರ್ಸ್ ಎಂಬುವರು ಚೀಲವನ್ನೇ ಬದಲಾಯಿಸಲು ಹೊರಟರು. ವಿಮಾನದ ಒಳಭಾಗಕ್ಕೆಂದು ತಯಾರಾಗಿದ್ದ ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಹೋಲ್‌ಸ್ಟರಿಗೆ ತಂದವರಲ್ಲಿ ಅವರು ಮೊದಲಿಗರು. ಒಂದು ಪರೀಕ್ಷೆಯನ್ನೂ ಅವರು ಇಟ್ಟರು. ಹೋಲ್‌ಸ್ಟರನ್ನು ಸೊಂಟಕ್ಕೆ ಕಟ್ಟಿಕೊಂಡವನ ಪಿಸ್ತೂಲಿನ ಹಿಡಿಯನ್ನು ಇನ್ನೊಬ್ಬ ಹಿಡಿದು ಯಾವ ದಿಕ್ಕಿನಿಂದಾದರೂ ಐದು ಸೆಕೆಂಡು ಎಳೆಯಬೇಕು. ಬೀಗ ಬಿಡಿಸದೆ ಎಳೆದಾಗ ಬಾರದಿದ್ದರೆ ಅದು ಒಂದನೆಯ ಹಂತ. ಮೊದಲ ಬೀಗ ಬಿಡಿಸಿದ ಮೇಲೂ ಐದು ಸೆಕೆಂಡು ತಡೆದರೆ ಎರಡನೆಯದು. ಮತ್ತೊಂದು ಬಿಡಿಸಿದರೂ ತಡೆದರೆ ಮೂರನೆಯದು.

ಅಂಗಡಿಯಲ್ಲಿ "ಲೆವೆಲ್ ಟೂ", "ಲೆವೆಲ್ ತ್ರೀ" ಎಂದು ಡಬ್ಬಿಯ ಮೇಲೆ ಅಚ್ಚಾಗಿರುವುದರ ಮೂಲ ಇದು. ಆದರೆ ಆ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡ. ಎಲ್ಲ ಕಂಪನಿಗಳೂ ಒಂದೇ ಲೆಕ್ಕ ಹಿಡಿಯುವುದಿಲ್ಲ. ಎಳೆದು ನೋಡದೆ, ಬೀಗ ಎಷ್ಟಿವೆ ಎಂದು ಎಣಿಸಿ ಅಂಕಿ ಹಾಕುವವರಿದ್ದಾರೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ನಕಲಿನಲ್ಲಿ ಲಿವರ್ ಇರುತ್ತದೆ, ಒಳಗಿನ ಕೊಂಡಿ ಮಾತ್ರ ಮೆತ್ತನೆಯ ಪ್ಲಾಸ್ಟಿಕ್ಕು. ಒಬ್ಬ ಹುಡುಗ ಬಹಳ ಹೆಮ್ಮೆಯಿಂದ ತಂದು ತೋರಿಸಿದ ಚೀಲವನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಖಾಲಿ ಪಿಸ್ತೂಲನ್ನು ಒಮ್ಮೆ ತಿರುಚಿ ಎಳೆದೆ. ಕೊಂಡಿ ಮುರಿದು ನನ್ನ ಅಂಗೈಯಲ್ಲಿ ಬಿತ್ತು, ಉಗುರಿನಷ್ಟು ತುಂಡು. ಅಷ್ಟೇ ಅವನ ಮೂರನೆಯ ಹಂತ.

ನಿನಗೆ ನಾನು ಹೇಳುವುದು, ಅಚ್ಚಿನ ಹಿಡಿತದ ಜೊತೆಗೆ ಹೆಬ್ಬೆರಳಿನಿಂದ ಬಿಡಿಸುವ ಒಂದು ಒಳ್ಳೆಯ ಬೀಗ ಖಂಡಿತ ಇರಲಿ. ಕಾವಲು, ಕೈದಿ ಬೆಂಗಾವಲು, ದೊಡ್ಡ ಬಂದೋಬಸ್ತು ಹೆಚ್ಚಾಗಿ ಬೀಳುವ ಕಡೆ ಪೋಸ್ಟಿಂಗ್ ಸಿಕ್ಕರೆ ಎರಡು ಬೀಗದ್ದನ್ನೇ ತೆಗೆದುಕೋ. ಪಿಸ್ತೂಲಿನ ಹಿಡಿಯನ್ನು ಸರಿಯಾಗಿ ಹಿಡಿದಾಗ ಹೆಬ್ಬೆರಳು ತಾನಾಗಿ ಹೋಗಿ ಕೂರುವ ಜಾಗದಲ್ಲೇ ಬೀಗ ಇರಬೇಕು. ಬೆರಳು ಹುಡುಕಾಡುವಂತಿದ್ದರೆ ಬೇಡ. ತೋರುಬೆರಳಿನಿಂದ ಗುಂಡಿ ಒತ್ತಿ ಬಿಡಿಸುವುದೂ ಸಿಗುತ್ತದೆ, ನೋಡಲು ಚೆಂದ, ಬೆಲೆಯೂ ಕಡಿಮೆ. ಅದನ್ನು ಮಾತ್ರ ಕೊಳ್ಳಬೇಡ. ಗಾಬರಿಯಲ್ಲಿ ಗುಂಡಿಯನ್ನು ಜೋರಾಗಿ ಒತ್ತಿದ ಬೆರಳು, ಪಿಸ್ತೂಲು ಹೊರಬರುತ್ತಿದ್ದಂತೆ ಅದೇ ಒತ್ತಡದಲ್ಲಿ ನೇರ ಟ್ರಿಗರಿನ ಮೇಲೆ ಬಂದು ಕೂರುತ್ತದೆ. ಸ್ವಂತ ತೊಡೆಗೆ ಗುಂಡು ಹಾರಿಸಿಕೊಂಡವರಿದ್ದಾರೆ. ಅಮೆರಿಕದ ಹಲವು ತರಬೇತಿ ಸಂಸ್ಥೆಗಳು ಅಂಥದನ್ನು ರೇಂಜಿಗೆ ತರುವುದನ್ನೇ ನಿಷೇಧಿಸಿವೆ. ಗುಂಡಿಯ ಸಂದಿಗೆ ಸಣ್ಣ ಕಲ್ಲು ಸಿಕ್ಕಿಕೊಂಡರೆ ಪಿಸ್ತೂಲು ಹೊರಗೇ ಬರುವುದಿಲ್ಲ ಎಂಬುದು ಇನ್ನೊಂದು ಕೇಡು.

ಎಲ್ಲಕ್ಕೂ ಮೊದಲು ನಿನಗೆ ಯಾವ ಪಿಸ್ತೂಲು ಕೊಡುತ್ತಾರೆಂದು ತಿಳಿದುಕೋ. ಆಮೇಲೆ ಅಂಗಡಿಗೆ ಹೋಗು. ಈಶಾಪುರದ ಕಾರ್ಖಾನೆಯ 9 ಎಂಎಂ ಆಟೋ ಪಿಸ್ತೂಲ್ 1ಎ ಬ್ರೌನಿಂಗ್ ಮಾದರಿಯದು. ಹಿಂದೆ ಹ್ಯಾಮರು, ಪಕ್ಕದಲ್ಲಿ ಸೇಫ್ಟಿ, ಮ್ಯಾಗಜೀನಿನಲ್ಲಿ 13 ಗುಂಡು. ಗ್ಲಾಕ್ 17ಕ್ಕೆ ಹೊರಗೆ ಹ್ಯಾಮರೂ ಇಲ್ಲ, ಕೈಯಿಂದ ಹಾಕುವ ಸೇಫ್ಟಿಯೂ ಇಲ್ಲ. ಟ್ರಿಗರ್ ಮೇಲೆ ಒತ್ತಡ ಬಿದ್ದರೆ ಮುಗಿಯಿತು. ಹಳೆಯ ರಿವಾಲ್ವರಿನ ಉಬ್ಬಿದ ಹೊಟ್ಟೆ ಬೇರೆಯೇ ಆಕಾರ. "ಇದು ಎಲ್ಲದಕ್ಕೂ ಆಗುತ್ತದೆ ಮೇಡಂ" ಎಂದು ಅಂಗಡಿಯವರು ವೆಲ್ಕ್ರೋ ಪಟ್ಟಿಯ ಬಟ್ಟೆಯ ಚೀಲ ಕೊಡುತ್ತಾರೆ. ಎಲ್ಲದಕ್ಕೂ ಆಗುವುದು ಯಾವುದಕ್ಕೂ ಸರಿಯಾಗಿ ಆಗುವುದಿಲ್ಲ. ಪಿಸ್ತೂಲಿಗೆ ಟಾರ್ಚು ಹಾಕಿಸಿಕೊಂಡರೆ ಚೀಲವೂ ಬೇರೆ ಬೇಕು. ಟಾರ್ಚಿಗೆ ಜಾಗ ಬಿಟ್ಟ ಚೀಲದ ಬಾಯಿ ಅಗಲವಾಗಿರುತ್ತದೆ, ಆ ಸಂದಿಯಲ್ಲಿ ಬೆರಳು ಹೋಗುತ್ತದೆಯೇ ಎಂದು ಪರೀಕ್ಷೆ ಮಾಡು.

ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಿರಬೇಕು, ಹೊರಗಿನಿಂದ ಕಿರುಬೆರಳು ಕೂಡ ತಾಗಬಾರದು. ಚೀಲದ ಬಾಯಿ ಪಿಸ್ತೂಲು ತೆಗೆದ ಮೇಲೂ ತೆರೆದೇ ನಿಂತಿರಬೇಕು. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆ. ಹಳೆಯ ಮೆತ್ತನೆಯ ಚರ್ಮದ ಚೀಲವನ್ನು ಬೆಳಕಿಗೆ ಹಿಡಿದು ಒಳಗೆ ನೋಡು. ಬಾಯಿಯ ಅಂಚು ಬೆವರಿನಿಂದ ನೆಂದು, ಒಣಗಿ, ಒಳಕ್ಕೆ ಮಡಚಿಕೊಂಡು ನಾಲಿಗೆಯ ಹಾಗೆ ಚಾಚಿರುತ್ತದೆ. ಪಿಸ್ತೂಲನ್ನು ಒಳಗೆ ತುರುಕುವಾಗ ಆ ನಾಲಿಗೆ ಟ್ರಿಗರ್ ಗಾರ್ಡಿನೊಳಗೆ ನುಗ್ಗಿ, ನೀನು ಒತ್ತುವ ಬಲವೇ ಟ್ರಿಗರ್ ಎಳೆಯುವ ಬಲವಾಗುತ್ತದೆ. ಜಾಕೆಟ್ಟಿನ ದಾರ, ರೇನ್‌ಕೋಟಿನ ಅಂಚು ಕೂಡ ಹೀಗೇ ಮಾಡುತ್ತವೆ. ತೆಗೆಯುವಾಗ ಅವಸರವಿರಬಹುದು, ಒಳಗಿಡುವಾಗ ಯಾವ ಅವಸರವೂ ಇಲ್ಲ. ಬೆರಳು ಟ್ರಿಗರಿನಿಂದ ದೂರ, ಬಟ್ಟೆ ಪಕ್ಕಕ್ಕೆ, ಕಣ್ಣು ಚೀಲದ ಬಾಯಿಯ ಮೇಲೆ, ನಿಧಾನವಾಗಿ ಇಡು. ಒಂದೇ ಕೈಯಲ್ಲಿ ಇಡಲು ಬರಬೇಕು, ಇನ್ನೊಂದು ಕೈಯಲ್ಲಿ ಆರೋಪಿಯ ತೋಳು ಇರುತ್ತದೆ.

ಈಗ ನಿನಗೇ ಸಂಬಂಧಿಸಿದ ಮಾತು. ಹೋಲ್‌ಸ್ಟರ್‌ಗಳನ್ನು ಬಹುಕಾಲ ಗಂಡಸರ ಸೊಂಟ ನೋಡಿಯೇ ಮಾಡಿದ್ದಾರೆ. ಹೆಂಗಸರ ಸೊಂಟ ಹೊರಕ್ಕೆ ಬಾಗಿರುವುದರಿಂದ, ಎತ್ತರಕ್ಕೆ ಕಟ್ಟುವ ಚೀಲದ ತುದಿ ಹೊರಕ್ಕೆ ದಬ್ಬಿ, ಪಿಸ್ತೂಲಿನ ಹಿಡಿ ಒಳಕ್ಕೆ ತಿರುಗಿ ಪಕ್ಕೆಲುಬಿಗೆ ಒತ್ತುತ್ತದೆ. ಎಂಟು ಗಂಟೆ ಡ್ಯೂಟಿ ಮಾಡಿ ಬಂದ ಹೆಣ್ಣುಮಕ್ಕಳು ಪಕ್ಕೆ ಸವರಿಕೊಳ್ಳುತ್ತ ಪಿಸ್ತೂಲು ವಾಪಸು ಕೊಡುತ್ತಿದ್ದುದನ್ನು ನೋಡಿದ್ದೇನೆ. ಕೇಳಿದರೆ "ಅಭ್ಯಾಸ ಆಗ್ತದೆ ಸಾರ್" ಅನ್ನುತ್ತಿದ್ದರು. ಅಭ್ಯಾಸ ಮಾಡಿಕೊಳ್ಳಬೇಕಾದ ನೋವಲ್ಲ ಅದು. ಬೆಲ್ಟಿನಿಂದ ಒಂದೆರಡು ಇಂಚು ಕೆಳಕ್ಕೆ, ಸ್ವಲ್ಪ ಹೊರಕ್ಕೆ ಚೀಲವನ್ನು ತೂಗುಹಾಕುವ ಜೋಡಣೆ ಸಿಗುತ್ತದೆ. ಅದನ್ನು ಕೇಳಿ ತೆಗೆದುಕೋ. ಆಗ ಹಿಡಿ ನೆಟ್ಟಗೆ ನಿಲ್ಲುತ್ತದೆ, ಭುಜ ಮೇಲಕ್ಕೆತ್ತದೆ ಪಿಸ್ತೂಲು ಹೊರಬರುತ್ತದೆ. ಆದರೆ ತೊಡೆಯವರೆಗೆ ಇಳಿಸಬೇಡ. ತೊಡೆಗೆ ಕಟ್ಟುವುದು ಮೈಮೇಲೆ ಗುಂಡುನಿರೋಧಕ ಅಂಗಿ ಹೊತ್ತ ಕಮಾಂಡೋಗಳಿಗೆ ಸರಿ. ನಿನ್ನ ಕೆಲಸದಲ್ಲಿ ಅದು ಓಡುವಾಗ ಬಡಿಯುತ್ತದೆ, ನಿನ್ನ ಮೊಣಕೈಯ ಕಾವಲಿನಿಂದ ದೂರವಾಗುತ್ತದೆ, ಗುಂಪಿನಲ್ಲಿ ಹಿಂದೆ ನಿಂತವನ ಕೈಗೆ ಹತ್ತಿರವಾಗುತ್ತದೆ. ಚೆನ್ನಾಗಿ ಕಾಣುತ್ತದೆ ಅಂದೆಯಲ್ಲ, ಕಾಣುವುದೇ ಅದರ ದೋಷ.

ಬೆಲ್ಟಿನ ವಿಷಯ ಯಾರೂ ಹೇಳುವುದಿಲ್ಲ. ಎಷ್ಟೇ ಒಳ್ಳೆಯ ಚೀಲವಿರಲಿ, ಬೆಲ್ಟು ಸಡಿಲವಾಗಿದ್ದರೆ ಪಿಸ್ತೂಲು ಎಳೆಯುವಾಗ ಚೀಲವೂ ಜೊತೆಗೇ ಮೇಲೆ ಬರುತ್ತದೆ. ನೀನು ಪರೇಡಿನಲ್ಲಿ ಹಾಕಿಕೊಳ್ಳುವ ಭುಜದ ಪಟ್ಟಿಯ ಬೆಲ್ಟಿಗೆ ಸ್ಯಾಮ್ ಬ್ರೌನ್ ಬೆಲ್ಟ್ ಅನ್ನುವುದು ಗೊತ್ತಲ್ಲ. ಬಂಗಾಳದ ಬ್ಯಾರಕ್‌ಪುರದಲ್ಲಿ ಹುಟ್ಟಿದ ಬ್ರಿಟಿಷ್ ಸೇನಾಧಿಕಾರಿ ಸ್ಯಾಮ್ ಬ್ರೌನ್ 1858ರಲ್ಲಿ ಇಲ್ಲಿಯ ಕಾಳಗದಲ್ಲಿ ಎಡಗೈ ಕಳೆದುಕೊಂಡ. ನಡೆಯುವಾಗ ಕತ್ತಿಯ ಒರೆಯನ್ನು ಹಿಡಿದುಕೊಳ್ಳಲು ಕೈಯಿಲ್ಲ. ಆ ಭಾರ ಬೆಲ್ಟಿನಲ್ಲಿ ಜೋಲಾಡದಂತೆ ಬಲಭುಜದ ಮೇಲಿಂದ ಒಂದು ಪಟ್ಟಿ ಹಾಯಿಸಿಕೊಂಡ. ಕತ್ತಿ ಎಡಕ್ಕೆ, ಪಿಸ್ತೂಲು ಬಲಕ್ಕೆ. ಒಂಟಿ ಕೈಯವನು ತನ್ನ ಆಯುಧವನ್ನು ಭದ್ರವಾಗಿ ಹೊರಲು ಕಂಡುಕೊಂಡ ಉಪಾಯ ಇವತ್ತು ನಮಗೆ ಪರೇಡಿನ ಅಲಂಕಾರವಾಗಿದೆ. ನೀನು ಮಾತ್ರ ಅದರ ಅರ್ಥ ಮರೆಯಬೇಡ. ಡ್ಯೂಟಿಗೆ ಹಾಕುವ ಬೆಲ್ಟು ದಪ್ಪವಾಗಿರಲಿ, ತಿರುಚಿದರೆ ಸುಲಭಕ್ಕೆ ತಿರುಚಬಾರದು. ಚೀಲದ ಕುಣಿಕೆ ಬೆಲ್ಟಿನ ಅಗಲಕ್ಕೆ ಸರಿಯಾಗಿರಲಿ. ಒಳಗಿನ ಪ್ಯಾಂಟಿನ ಬೆಲ್ಟಿಗೂ ಇದಕ್ಕೂ ಸೇರಿಸಿ ಕಟ್ಟುವ ಸಣ್ಣ ಪಟ್ಟಿಗಳನ್ನು ಚೀಲದ ಎರಡೂ ಬದಿಗೆ ಒಂದೊಂದು ಹಾಕು.

ಚರ್ಮವೋ ಪ್ಲಾಸ್ಟಿಕ್ಕೋ ಎಂದರೆ, ಮೊದಲು ನಿನ್ನ ಪೋಸ್ಟಿಂಗ್ ಎಲ್ಲಿ ಎಂದು ಕೇಳುತ್ತೇನೆ. ಆಗುಂಬೆ, ಮಡಿಕೇರಿ ಕಡೆ ಜೂನಿನಿಂದ ನಾಲ್ಕು ತಿಂಗಳು ಚರ್ಮ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಕಾರವಾರ, ಮಂಗಳೂರು ಕಡೆ ಉಪ್ಪುಗಾಳಿ. ಯಾವ ಊರಾದರೂ ಸರಿ, ಪಿಸ್ತೂಲನ್ನು ರಾತ್ರಿಯಿಡೀ ಚರ್ಮದ ಚೀಲದೊಳಗೆ ಬಿಟ್ಟು ಇಡಬೇಡ. ಹದ ಮಾಡಿದ ಚರ್ಮ ತೇವವನ್ನು ಹೀರಿ ಇಟ್ಟುಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಹಿತ್ತಾಳೆಯ ತೋಟಾಗಳಿಗೆ ಹಸಿರು ಕಿಲುಬು ಹತ್ತಿಸುತ್ತದೆ. ರಾಯಚೂರು, ಕಲಬುರಗಿ ಕಡೆಯಾದರೆ ಪ್ಲಾಸ್ಟಿಕ್ಕಿಗೂ ಕಂಟಕವಿದೆ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಅಚ್ಚು ಸೊಟ್ಟಗಾಗಬಹುದು. ಧೂಳು ಒಳಗೆ ಕೂತು ಪಿಸ್ತೂಲಿನ ಬಣ್ಣವನ್ನು ಉಜ್ಜುತ್ತದೆ. ಒಟ್ಟಿನಲ್ಲಿ ಡ್ಯೂಟಿಗೆ ಅಚ್ಚು ಗಟ್ಟಿಯಾದ ಪ್ಲಾಸ್ಟಿಕ್ಕಿನದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಚರ್ಮದ್ದನ್ನು ಪರೇಡಿಗೆ ಇಟ್ಟುಕೋ. ಆದರೆ ಇವತ್ತು ಒಂದು, ನಾಳೆ ಇನ್ನೊಂದು ಎಂದು ಡ್ಯೂಟಿಯಲ್ಲಿ ಬದಲಾಯಿಸಬೇಡ. ಕೈ ಕಲಿತ ದಾರಿ ಒಂದೇ ಇರಬೇಕು. ಹೆಬ್ಬೆರಳು ಒತ್ತುವುದನ್ನು ಕಲಿತ ಕೈ ಟಿಚ್ ಬಟನ್ ಎದುರು ತಬ್ಬಿಬ್ಬಾಗುತ್ತದೆ.

ಲ್ಯಾನ್ಯಾರ್ಡನ್ನು ಹಳೆಯ ಕಾಲದ್ದೆಂದು ಬಿಸಾಡಬೇಡ, ನನ್ನನ್ನು ಉಳಿಸಿದ್ದು ಅದೇ. ತೋಳು ಪೂರ್ತಿ ಚಾಚಿದಾಗ ಬಿಗಿಯದಷ್ಟು ಉದ್ದವಿರಲಿ, ಬೈಕಿನ ಹ್ಯಾಂಡಲಿಗೋ ಬಾಗಿಲ ಚಿಲಕಕ್ಕೋ ಸಿಕ್ಕಿಕೊಳ್ಳುವಷ್ಟು ಜೋಲು ಬೇಡ. ಕೊರಳಿಗೆ ಮಾತ್ರ ಎಂದೂ ಹಾಕಬೇಡ, ಎಳೆದವನಿಗೆ ಅದು ಉರುಳಾಗುತ್ತದೆ.

ಕೊಂಡು ತಂದ ಮೇಲೆ ಪರೀಕ್ಷೆ. ಡಿಎಆರ್ ಮೈದಾನಕ್ಕೆ ಹೋಗಿ, ಆರ್ಮರರ್ ಎದುರಿಗೆ ಮ್ಯಾಗಜೀನ್ ತೆಗೆದು, ಚೇಂಬರಿಗೆ ಬೆರಳು ಹಾಕಿ ಖಾಲಿ ಎಂದು ನೀನೂ ನೋಡು, ಅವರಿಗೂ ತೋರಿಸು. ಗುಂಡುಗಳು ಹತ್ತಿರ ಎಲ್ಲೂ ಇರಬಾರದು. ಚೀಲವನ್ನು ತಲೆಕೆಳಗು ಮಾಡಿ ಅಲ್ಲಾಡಿಸು. ಕಟ್ಟಿಕೊಂಡು ನೂರು ಗಜ ಓಡು, ಗೋಡೆ ಹಾರು, ನೆಲದ ಮೇಲೆ ಹೊರಳು. ಆಮೇಲೆ ನಿನ್ನ ಬ್ಯಾಚಿನ ಗಟ್ಟಿಮುಟ್ಟಾದ ಒಬ್ಬಳಿಗೆ ಹೇಳಿ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಐದೈದು ಸೆಕೆಂಡು ಎಳೆಸು. ಸಂಕೋಚ ಮಾಡಿಕೊಂಡು ಮೆಲ್ಲಗೆ ಎಳೆದರೆ ಒಪ್ಪಬೇಡ. ಇಷ್ಟಕ್ಕೂ ಉಳಿದರೆ ಜೀಪಿನ ಸೀಟಿನಲ್ಲಿ ಕೂತು, ಸೀಟ್ ಬೆಲ್ಟ್ ಹಾಕಿಕೊಂಡು ತೆಗೆದು ನೋಡು. ಬಲಗೈಗೆ ಪೆಟ್ಟಾಗಿದೆ ಎಂದುಕೊಂಡು ಎಡಗೈಯಿಂದ ಬೀಗ ಬಿಡಿಸಲು ಬರುತ್ತದೆಯೇ ನೋಡು. ರೇನ್‌ಕೋಟ್ ಹಾಕಿಕೊಂಡು ನೋಡು. ಆಮೇಲೆ ದಿನಕ್ಕೆ ಇಪ್ಪತ್ತು ಸಲ ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ, ತಿಂಗಳಿಗೊಮ್ಮೆ ಸ್ಕ್ರೂಗಳನ್ನು ಬಿಗಿಮಾಡುವುದು, ಹೊಲಿಗೆ ನೋಡುವುದು. ಸವೆದದ್ದು ಕಂಡ ದಿನವೇ ಬದಲಾಯಿಸು. ನಾಳೆ ಅನ್ನಬೇಡ.

ಚೀಲ ನಿನಗೆ ಕೊಡುವುದು ನಾಲ್ಕೈದು ಸೆಕೆಂಡು ಮಾತ್ರ, ಉಳಿದದ್ದು ನಿನ್ನ ಮೈಯ ಕೆಲಸ. ಯಾರ ಜೊತೆ ಮಾತಾಡುವಾಗಲೂ ಪಿಸ್ತೂಲಿನ ಮಗ್ಗುಲನ್ನು ಅರ್ಧ ಹೆಜ್ಜೆ ಹಿಂದಕ್ಕೆ ಇಟ್ಟು ನಿಲ್ಲು. ಗುಂಪಿನಲ್ಲಿ ಮೊಣಕೈ ಚೀಲದ ಮೇಲೆ ಇರಲಿ. ಆರೋಪಿಗೆ ಬೇಡಿ ಹಾಕುವಾಗ, ಜೀಪು ಹತ್ತಿಸುವಾಗ ಅವನು ಯಾವ ಕಡೆ ಕೂರುತ್ತಾನೆ, ನಿನ್ನ ಪಿಸ್ತೂಲು ಯಾವ ಕಡೆ ಇದೆ ಎಂದು ನೋಡಿಕೋ. ಯಾರಾದರೂ ಹಿಡಿಗೆ ಕೈ ಹಾಕಿದರೆ ಪಿಸ್ತೂಲು ಹೊರಗೆಳೆಯಲು ಹೋಗಬೇಡ, ಅದು ಅವನ ಕೆಲಸವನ್ನು ನೀನೇ ಮಾಡಿಕೊಟ್ಟಂತೆ. ಎರಡೂ ಕೈಯಿಂದ ಅವನ ಕೈಸಮೇತ ಚೀಲದೊಳಕ್ಕೆ ಒತ್ತು, ಮೊಣಕಾಲು ಬಗ್ಗಿಸಿ ಕುಗ್ಗು, ರಪ್ಪನೆ ತಿರುಗು, ಜೊತೆಯವರನ್ನು ಕೂಗು. ಇದನ್ನು ಓದಿದರೆ ಬರುವುದಿಲ್ಲ, ಮೈದಾನದಲ್ಲಿ ಕಲಿಯಬೇಕು. ಕಲಿಸಿ ಎಂದು ನಿನ್ನ ಉಸ್ತಾದರನ್ನು ಕೇಳಿಕೋ.

ಸಮವಸ್ತ್ರವಿಲ್ಲದವರು ಪಿಸ್ತೂಲನ್ನು ಹೊರಗೆ ಕಾಣುವಂತೆ ಕಟ್ಟಿಕೊಂಡು ನಡೆಯುವ ನಾಡನ್ನೂ ಕಂಡು ಬಂದೆ. ನಿನ್ನಣ್ಣನ ಮನೆಗೆಂದು ಡಲ್ಲಾಸಿಗೆ ಹೋದಾಗ. ಟೆಕ್ಸಸ್‌ನಲ್ಲಿ 2016ರಿಂದ ಲೈಸೆನ್ಸ್ ಇದ್ದವರು ಹೀಗೆ ನಡೆಯಬಹುದಿತ್ತು. 2021ರ ಸೆಪ್ಟೆಂಬರಿನಿಂದ, ಕಾನೂನಿನ ಬೇರೆ ಅಡ್ಡಿಯಿಲ್ಲದವರಾದರೆ 21 ತುಂಬಿದವರಿಗೆ ಲೈಸೆನ್ಸೂ ಬೇಡ. ಕಾಣುವಂತೆ ಒಯ್ಯುವುದಾದರೆ ಹೋಲ್‌ಸ್ಟರಿನಲ್ಲಿರಬೇಕು ಎನ್ನುತ್ತದೆ ಕಾನೂನು. ಎಂಥ ಹೋಲ್‌ಸ್ಟರ್ ಎಂದು ಹೇಳುವುದಿಲ್ಲ. ದಿನಸಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬರು ನಿಂತಿದ್ದರು. ಸೊಂಟದಲ್ಲಿ ಪಿಸ್ತೂಲು, ಬರೀ ಒತ್ತಡದ ಚೀಲ, ಒಂದು ಪಟ್ಟಿಯೂ ಇಲ್ಲ. ಅವರು ಎರಡೂ ಕೈಯಲ್ಲಿ ಹಾಲಿನ ಕ್ಯಾನು ಹಿಡಿದಿದ್ದರು. ಅವರ ಹಿಂದೆ ತಾಯಿಯ ಕೈ ಹಿಡಿದು ನಿಂತ ಮಗುವಿನ ಮುಖ ಸರಿಯಾಗಿ ಆ ಹಿಡಿಯ ಎತ್ತರಕ್ಕಿತ್ತು. ಜಾತ್ರೆಯ ಹುಡುಗ ನೆನಪಾದ. ಒಳಗೆ ಬಚ್ಚಿಟ್ಟ ಪಿಸ್ತೂಲು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊರಗೆ ಕಾಣುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಕೆಟ್ಟ ಮನಸ್ಸಿನವನ ಕಣ್ಣಿಗೆ ಮೊದಲು. ಹಾಗಾಗಿ ಕಾಣುವಂತೆ ಕಟ್ಟಿಕೊಂಡವರಿಗೇ ಬೀಗ ಹೆಚ್ಚು ಬೇಕು. ನಮ್ಮಲ್ಲಿ ಲೈಸೆನ್ಸ್‌ದಾರರಿಗೂ 2016ರ ಶಸ್ತ್ರಾಸ್ತ್ರ ನಿಯಮಗಳು ಹೋಲ್‌ಸ್ಟರ್ ಅಥವಾ ಅಂಥ ಚೀಲವನ್ನು ಕಡ್ಡಾಯ ಮಾಡಿವೆ, ಝಳಪಿಸುವುದಂತೂ ಅಪರಾಧ. ಕಾಣುವಂತೆ ಕಟ್ಟಿಕೊಳ್ಳುವ ಅಧಿಕಾರ ಇಲ್ಲಿ ನಿನ್ನ ಖಾಕಿಗೆ ಇದೆ. ಸಂತೆಯಲ್ಲಿ, ಶಾಲೆಯ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಪಕ್ಕದಲ್ಲಿ ಹಾದುಹೋಗುವ ಪ್ರತಿ ಮಗುವಿನ ಮುಖವೂ ನಿನ್ನ ಸೊಂಟದ ಎತ್ತರದಲ್ಲೇ ಇರುತ್ತದೆ.

ಬ್ಯಾಚಿನವರ ಜೊತೆ ಆರ್ಡರ್ ಹಾಕಬೇಡ. ಪಾಸಿಂಗ್ ಔಟ್ ಪರೇಡಿಗೆ ನಾನೂ ನಿನ್ನ ದೊಡ್ಡಮ್ಮನೂ ಮೈಸೂರಿಗೆ ಬರುತ್ತೇವೆ. ಬರುವಾಗ ಟೇಪು ತರುತ್ತೇನೆ. ನೀನು ಡ್ಯೂಟಿ ಬೆಲ್ಟು ಕಟ್ಟಿಕೊಂಡು ನಿಲ್ಲು, ಅಳತೆ ತೆಗೆದುಕೊಂಡು ಇಬ್ಬರೂ ಅಂಗಡಿಗೆ ಹೋಗೋಣ. ದುಡ್ಡು ನಾನು ಕೊಡುತ್ತೇನೆ.